ನೆಲದ ಒಕ್ಕಲಿನ ತೀರ್ಪು

“ಗುರುಗಳೇ, ಕರಗದ ದುಃಖವನ್ನು ಏನು ಮಾಡಬೇಕು?” ಎಂದು ಮರಿದೇವ ಕೇಳಿದ.

ಮರಿದೇವ ಮಠದ ಹಿರಿಯ ಶಿಷ್ಯ. ಕಿರಿಯರಿಗೆ ಅಕ್ಷರ ಕಲಿಸುತ್ತಿದ್ದವನು ಅವನೇ. ಅವನ ತಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಗುರುಗಳಿಗೆ ವಯಸ್ಸಾಗಿತ್ತು. ಬರುವ ಶ್ರಾವಣದಿಂದ ಪಾಠಶಾಲೆಯನ್ನು ಪೂರ್ತಿಯಾಗಿ ನೀನೇ ನಡೆಸು ಎಂದು ಅವರು ಹಿಂದಿನ ದಿನ ಅವನಿಗೆ ಹೇಳಿದ್ದರು. ಈಗ ಅವನು ತನ್ನ ಬಟ್ಟೆಗಳನ್ನು ಗಂಟು ಕಟ್ಟಿಕೊಂಡು ಬಂದು ಅವರ ಮುಂದೆ ನಿಂತಿದ್ದ.

“ನನ್ನನ್ನು ಬಿಟ್ಟುಬಿಡಿ,” ಎಂದ. “ದುಃಖ ವರ್ಷದೊಳಗೆ ಕರಗುತ್ತದೆ ಎಂದು ಎಲ್ಲರೂ ಹೇಳಿದರು. ಉಳಿದವರದು ಕರಗಿತು. ನಮ್ಮ ತಾಯಿಯೇ ಈಗ ನಗುತ್ತಾಳೆ. ನನ್ನದು ಮಾತ್ರ ಮೊದಲ ದಿನ ಹೇಗಿತ್ತೋ ಹಾಗೇ ಇದೆ. ನೀವು ಹೇಳಿಕೊಟ್ಟದ್ದೆಲ್ಲ ಒಳಗೆ ಇಳಿಯಿತು, ಇದೊಂದು ಇಳಿಯಲಿಲ್ಲ. ಇಂಥದ್ದನ್ನು ಎದೆಯಲ್ಲಿಟ್ಟುಕೊಂಡವನು ಮಕ್ಕಳಿಗೆ ಏನು ಹೇಳಿಕೊಟ್ಟಾನು? ಇದನ್ನು ಎತ್ತಿ ಹೊರಗೆ ಹಾಕುವ ದಾರಿ ಇದ್ದರೆ ಹೇಳಿ. ಇಲ್ಲವಾದರೆ ನಾನು ಹೊರಡುತ್ತೇನೆ.”

ಗುರುಗಳು ಗಂಟನ್ನು ನೋಡಿದರು.

“ಹೊರಡುವವನು ಹೇಗೂ ಹೊರಡುತ್ತೀಯ. ಬಿಸಿಲು ಇಳಿಯುವ ತನಕ ಕೂತುಕೋ,” ಎಂದರು.

ಅವನು ಕೂತ. ಗುರುಗಳು ಹೇಳತೊಡಗಿದರು.

ಒಂದು ಬೆಟ್ಟದ ಇಳಿಜಾರಿನಲ್ಲಿ ಎರಡು ಊರುಗಳಿದ್ದವು, ಮೇಲೊಂದು, ಕೆಳಗೊಂದು. ಎರಡೂ ಊರಿನವರು ಕಾಡಿನ ಮರಗಳ ಅಡಿಯಲ್ಲೇ ಏಲಕ್ಕಿ ಬೆಳೆಯುತ್ತಿದ್ದರು. ನೆಲವನ್ನು ಉಳುತ್ತಿರಲಿಲ್ಲ, ಗೊಬ್ಬರ ಹೊತ್ತು ಹಾಕುತ್ತಿರಲಿಲ್ಲ. ಮರದಿಂದ ಎಲೆ ಬೀಳುತ್ತಿತ್ತು. ಬಿದ್ದ ಎಲೆಯನ್ನು ಹುಳುಗಳು ತಿಂದು ಮಣ್ಣು ಮಾಡುತ್ತಿದ್ದವು. ಆ ಮಣ್ಣಿನಲ್ಲಿ ಏಲಕ್ಕಿ ಬೆಳೆಯುತ್ತಿತ್ತು. ಎರೆಹುಳು, ಸಾವಿರ ಕಾಲಿನ ಹುಳು, ಮುಟ್ಟಿದರೆ ಉಂಡೆಯಾಗುವ ಹುಳು, ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ, ಜಿಗಿಯುವ ಸಣ್ಣ ಹುಳು, ಇವೆಲ್ಲವನ್ನೂ ಒಟ್ಟು ಸೇರಿಸಿ ಅವರು ನೆಲದ ಒಕ್ಕಲು ಎಂದು ಕರೆಯುತ್ತಿದ್ದರು. ಬೇಸಾಯ ಮಾಡುವವರು ಅವು, ನಾವು ಬರೀ ಕಾಯಿ ಬಿಡಿಸುವವರು ಎಂದು ಅವರು ನಂಬಿದ್ದರು. ಆ ನಂಬಿಕೆ ಸರಿಯಾಗಿಯೇ ಇತ್ತು.

ಕೆಳಗಿನ ಊರಿನಲ್ಲಿ ಹೆಚ್ಚಾಗಿ ಇದ್ದದ್ದು ಹಾಲುವಾಣ ಮತ್ತು ಅತ್ತಿಯ ಮರಗಳು. ಅವುಗಳ ಎಲೆ ಮೆತ್ತಗಿರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಕಾಡುಮಾವು ಇತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಲಿನ ಊರಿನಲ್ಲಿ ಧೂಪದ ಮರ ಮತ್ತು ಹೆಬ್ಬಲಸು. ಅವುಗಳ ಎಲೆ ದಪ್ಪ, ಗಟ್ಟಿ, ಬಾಯಿಗಿಟ್ಟರೆ ಒಗರು.

ಆ ಬೆಟ್ಟದಲ್ಲಿ ಒಂದು ಪದ್ಧತಿ ಇತ್ತು. ಮದುಮಗಳು ತವರಿನಿಂದ ಮಡಿಲಕ್ಕಿಯ ಜೊತೆಗೆ ಒಂದು ಬುಟ್ಟಿ ತರಗೆಲೆಯನ್ನೂ ತರಬೇಕು. ಗಂಡನ ಮನೆಯ ತೋಟದಲ್ಲಿ ಅವಳು ಅದನ್ನು ಹರಡುತ್ತಾಳೆ. ಎಲೆಯ ಜೊತೆಗೆ ತವರಿನ ಒಕ್ಕಲೂ ಬಂದು ಆ ನೆಲದಲ್ಲಿ ನೆಲೆಸುತ್ತದೆ. ಎಲೆ ಹರಡಿದಷ್ಟು ಜಾಗ ಅವಳದು. ಅಂದಿನಿಂದ ತೋಟದ ವಿಷಯದಲ್ಲಿ ಅವಳಿಗೂ ಒಂದು ಮಾತು ಇರುತ್ತದೆ.

ಕೆಳಗಿನ ಊರಿನ ಒಬ್ಬ ರೈತ ಮೇಲಿನ ಊರಿನಿಂದ ಸೊಸೆ ತಂದ. ಮದುವೆ ನಿಶ್ಚಯವಾದ ವಾರದಲ್ಲಿ ಹುಡುಗಿಯ ತಾಯಿ ಮಗಳ ಬುಟ್ಟಿಯನ್ನು ತಾನೇ ತುಂಬಿಟ್ಟಿದ್ದಳು. ಮದುವೆಯ ದಿನ ಬರುವ ಮೊದಲೇ ಜ್ವರ ಬಂದು ತೀರಿಕೊಂಡಳು. ಹುಡುಗಿ ಆ ಬುಟ್ಟಿಯನ್ನು ಹೊತ್ತುಕೊಂಡು ಬೆಟ್ಟ ಇಳಿದು ಬಂದಳು.

ರೈತನ ಮನೆಯಲ್ಲಿ ತೋಟ ನೋಡಿಕೊಳ್ಳುತ್ತಿದ್ದವಳು ರೈತನ ಹೆಂಡತಿ. ಗಟ್ಟಿಗಿತ್ತಿ. ಅವಳ ತೋಟದ ಏಲಕ್ಕಿ ಊರಿಗೇ ಮೇಲು. ಬುಟ್ಟಿಯ ಮುಚ್ಚಳ ತೆಗೆದು ಒಂದು ಎಲೆ ಎತ್ತಿಕೊಂಡಳು. ಬೆರಳಿನಿಂದ ತಟ್ಟಿದಳು. ಅದು ಸದ್ದು ಮಾಡಿತು.

“ಏನಮ್ಮ, ನಿಮ್ಮೂರಲ್ಲಿ ತೊಗಲನ್ನೂ ಮರದಲ್ಲೇ ಬೆಳೆಯುತ್ತಾರಾ?” ಎಂದಳು.

ಸುತ್ತ ನಿಂತವರು ನಕ್ಕರು.

“ಎಲೆಯೇ ಅತ್ತೆ,” ಎಂದಳು ಸೊಸೆ.

“ಎಲೆಯೋ ಅಲ್ಲವೋ ನಾನು ಹೇಳುವುದು ಬೇಡ, ನೀನು ಹೇಳುವುದೂ ಬೇಡ. ತಿನ್ನುವವರನ್ನೇ ಕೇಳೋಣ.”

ಕೆಳಗಿನ ಊರಿನವರು ಹೀಗೆ ಕೇಳುವ ರೀತಿಯೊಂದನ್ನು ಇಟ್ಟುಕೊಂಡಿದ್ದರು. ನೆಲಕ್ಕೆ ಏನು ಒಳ್ಳೆಯದು, ಏನು ಕೆಟ್ಟದ್ದು ಎಂಬ ತಕರಾರು ಬಂದರೆ ಮನುಷ್ಯರು ವಾದ ಮಾಡುತ್ತಿರಲಿಲ್ಲ. ಬಳ್ಳಿಯ ನಾರಿನಿಂದ ಬಲೆಯಂಥ ಚೀಲ ಹೆಣೆಯುತ್ತಿದ್ದರು. ಒಂದರಲ್ಲಿ ಒಬ್ಬರ ಎಲೆ, ಇನ್ನೊಂದರಲ್ಲಿ ಇನ್ನೊಬ್ಬರ ಎಲೆ. ಮುಂಗಾರು ಬಿದ್ದ ದಿನ ಎರಡನ್ನೂ ಒಂದೇ ಮರದ ಅಡಿಯಲ್ಲಿ, ಅಕ್ಕಪಕ್ಕದಲ್ಲಿ, ನೆಲಕ್ಕೆ ತಾಗುವಂತೆ ಇಟ್ಟು ಮೇಲೆ ಕಲ್ಲು ಹೇರುತ್ತಿದ್ದರು. ನವರಾತ್ರಿಯಲ್ಲಿ ಊರ ಹಿರಿಯ ಎಲ್ಲರೆದುರು ಕಲ್ಲು ತೆಗೆಯುತ್ತಿದ್ದ. ಒಕ್ಕಲು ತಿಂದು ಮುಗಿಸಿದ ಎಲೆ ಒಳ್ಳೆಯದು. ಬಿಟ್ಟ ಎಲೆ ಕೆಟ್ಟದ್ದು. ಅದರ ಮೇಲೆ ಮಾತಿಲ್ಲ.

ಆ ವರ್ಷವೂ ಹಾಗೆಯೇ ಮಾಡಿದರು. ನವರಾತ್ರಿಯಲ್ಲಿ ಹಿರಿಯ ಮೊದಲ ಚೀಲ ಎತ್ತಿದ. ಅದರಲ್ಲಿ ಹಾಲುವಾಣದ ಎಲೆಯ ಗುರುತೂ ಇರಲಿಲ್ಲ. ತಳದಲ್ಲಿ ಒಂದು ಹಿಡಿ ಕಪ್ಪು ಮಣ್ಣು ಇತ್ತು, ಸಾಸಿವೆಯಂತೆ ಕಾಳು ಕಾಳಾಗಿ. ಎರಡನೆಯ ಚೀಲ ಎತ್ತಿದ. ಸೊಸೆಯ ಎಲೆಗಳು ಒದ್ದೆಯಾಗಿದ್ದವು, ಬಣ್ಣ ಸ್ವಲ್ಪ ಕಪ್ಪಾಗಿತ್ತು. ಅಷ್ಟು ಬಿಟ್ಟರೆ ಇಟ್ಟಂತೆಯೇ ಇದ್ದವು.

“ನೋಡಿದೆಯಲ್ಲ ತಾಯಿ,” ಎಂದ ಹಿರಿಯ. “ನಮ್ಮದೇನೂ ಇಲ್ಲ. ಅವು ಹೇಳಿದ್ದು.”

ತೀರ್ಪಿನಲ್ಲಿ ಸೋತ ಎಲೆಯನ್ನು ತಂದವರೇ ಎತ್ತಿಕೊಂಡು ಹೋಗಿ ಊರಿನ ಗಡಿಯಾಚೆ ಸುರಿಯಬೇಕು. ತವರಿನ ಎಲೆ ಗಡಿಯಾಚೆ ಹೋದ ಮೇಲೆ ಆ ಹೆಣ್ಣಿಗೆ ತೋಟದಲ್ಲಿ ಜಾಗವಿಲ್ಲ. ಅವಳು ಕಳೆ ಕೀಳಬಹುದು, ಕಾಯಿ ಬಿಡಿಸಬಹುದು. ಮಾತಾಡುವಂತಿಲ್ಲ.

ಸೊಸೆ ಬುಟ್ಟಿ ಎತ್ತಲಿಲ್ಲ.

“ಜಾಗ ಬೇಡ ಅಜ್ಜ,” ಎಂದಳು. “ಮಾತೂ ಬೇಡ. ಎಸೆಯುವುದು ಮಾತ್ರ ನನ್ನ ಕೈಯಲ್ಲಿ ಆಗುವುದಿಲ್ಲ. ನಮ್ಮವ್ವ ತುಂಬಿದ್ದು.”

ರೈತನ ಹೆಂಡತಿಯ ಮುಖವನ್ನು ಹಿರಿಯ ನೋಡಿದ. ಅವಳಿಗೂ ತಾಯಿ ಇದ್ದಳು, ಹೋಗಿದ್ದಳು. ಆದರೆ ತೋಟ ತೋಟವೇ.

“ಬೇಲಿಯ ಮೂಲೆಯಲ್ಲಿ ಹಾಕಿಕೊಳ್ಳಲಿ ಬಿಡಿ,” ಎಂದಳು. “ಅಲ್ಲಿ ಗಿಡವೂ ಇಲ್ಲ, ನಮಗೆ ನಷ್ಟವೂ ಇಲ್ಲ. ಏನಮ್ಮ, ಅದು ಕರಗುವುದನ್ನು ಕಾದು ಕೂತರೆ ನಿನ್ನ ಮೊಮ್ಮಕ್ಕಳಿಗೂ ತಲೆ ನರೆಯುತ್ತದೆ.”

ಸೊಸೆ ಎಲೆಗಳನ್ನು ಮೂಲೆಯಲ್ಲಿ ಹರಡಿದಳು. ಸೀರೆಯ ಸೆರಗು ಹಾಸಿದಷ್ಟು ಜಾಗ. ಹರಡಿ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ತೋಟದ ಕೆಲಸ ಮಾಡುವಾಗಲೂ ಅತ್ತ ಬೆನ್ನು ಮಾಡಿಕೊಂಡು ಕೂರುತ್ತಿದ್ದಳು.

ಅತ್ತೆ ಅಲ್ಲಿಗೇ ನಿಲ್ಲಲಿಲ್ಲ. ಒಕ್ಕಲಿಗೆ ಗಟ್ಟಿ ಎಲೆ ಬೇಡವೆಂದಮೇಲೆ ತನ್ನ ತೋಟದಲ್ಲಿ ಅದು ಯಾಕಿರಬೇಕು ಎಂದುಕೊಂಡಳು. ನೆಲದ ಮೇಲೆ ಹಾಲುವಾಣದ ಎಲೆಯ ನಡುವೆ ಕಾಡುಮಾವಿನ ಗಟ್ಟಿ ಎಲೆಗಳೂ ಬಿದ್ದಿದ್ದವು. ಅವನ್ನೆಲ್ಲ ಆರಿಸಿ ಬೇಲಿಯ ಕಡೆಗೆ ಎಸೆದಳು. ಬರೀ ಮೆತ್ತನೆಯ ಎಲೆ ಉಳಿಯಿತು. ಇನ್ನಷ್ಟು ಹಾಲುವಾಣದ ಕೊಂಬೆ ಕಡಿದು ಸೊಪ್ಪು ಹರಡಿದಳು. ಊರಿನ ಉಳಿದವರೂ ನೋಡಿ ಹಾಗೆಯೇ ಮಾಡಿದರು.

ಮೊದಲು ಎಲ್ಲವೂ ಚೆನ್ನಾಗಿಯೇ ಆಯಿತು. ಒಕ್ಕಲು ಹಬ್ಬದೂಟಕ್ಕೆ ಬಂದವರಂತೆ ಬಂದು ಮುತ್ತಿತು. ಕೈಯಿಟ್ಟಲ್ಲೆಲ್ಲ ಎರೆಹುಳು. ಮಣ್ಣು ಉಬ್ಬಿತು. ಏಲಕ್ಕಿಯ ಗರಿ ಆಳೆತ್ತರಕ್ಕೆ ಎದ್ದಿತು. ಅತ್ತೆ ಬೇಲಿಯ ಬಳಿ ನಿಂತು ನೆರೆಯವಳಿಗೆ, “ಉಣ್ಣುವವರ ಬಾಯಿಗೆ ಹಿಡಿಸಿದ್ದನ್ನು ಬಡಿಸಬೇಕಮ್ಮ, ಅಷ್ಟೇ ಗುಟ್ಟು,” ಎಂದು ಹೇಳುತ್ತಿದ್ದಳು.

ಮೆತ್ತನೆಯ ಎಲೆಯ ಗುಣವೇ ಅದು. ಬೇಗ ಊಟವಾಗುತ್ತದೆ, ಬೇಗ ಮುಗಿಯುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ನೆಲದ ಮೇಲೆ ಒಂದು ಎಲೆಯೂ ಉಳಿದಿರಲಿಲ್ಲ. ಆಮೇಲೆ ಉದುರಿದವು ಬಿಸಿಲಿಗೆ ಪುಡಿಯಾಗಿ ಗಾಳಿಗೆ ಹೋದವು. ಹಾಲುವಾಣ ಬೋಳಾಗಿ ನಿಂತಿತ್ತು. ನೆಲವೂ ಬೋಳಾಗಿತ್ತು. ಬಿಸಿಲು ನೇರವಾಗಿ ಮಣ್ಣಿಗೆ ಬಿತ್ತು.

ಮಣ್ಣಿನ ಹುಳುವಿಗೆ ಹಸಿವಿಗಿಂತ ಬಿಸಿಲು ಕೆಟ್ಟದ್ದು. ಹಸಿವನ್ನು ಅದು ಕೆಲಕಾಲ ತಾಳುತ್ತದೆ. ಮೈ ಒಣಗಿದರೆ ತಾಳುವುದಿಲ್ಲ. ಎರೆಹುಳುಗಳು ಆಳಕ್ಕೆ ಇಳಿದವು. ಇಳಿಯಲಾಗದವು ಸತ್ತವು. ಉಂಡೆಯಾದ ಹುಳುಗಳು ಮತ್ತೆ ಬಿಚ್ಚಿಕೊಳ್ಳಲಿಲ್ಲ. ಅಡಗಲು ಜಾಗವಿಲ್ಲದವನ್ನು ಕೋಳಿಗಳು ಹೆಕ್ಕಿದವು. ಏಲಕ್ಕಿಯ ಹೂಗೊಂಚಲು ಮೇಲೆ ಬಿಡುವುದಿಲ್ಲ, ಬುಡದಿಂದ ಹೊರಟು ನೆಲದ ಮೇಲೆ ಹರಿಯುತ್ತದೆ. ಆ ಗೊಂಚಲುಗಳು ಕಾದ ನೆಲಕ್ಕೆ ತಾಗಿ ಕಪ್ಪಾದವು. ಮುಂಗಾರಿನ ಮೊದಲ ಬಿರುಮಳೆ ಬಂದು, ಹಿಂದಿನ ವರ್ಷ ಉಬ್ಬಿದ್ದ ಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯಿತು. ಗಿಡಗಳ ಬೇರು ಕಾಣಿಸಿತು.

ಅತ್ತೆ ಮಂಡಿಯೂರಿ ಕೂತು ನೆಲ ಕೆದಕಿದಳು. ಒಂದು ಹುಳುವೂ ಸಿಗಲಿಲ್ಲ. ಇನ್ನೊಂದು ಕಡೆ ಕೆದಕಿದಳು. ಅಲ್ಲಿಯೂ ಇಲ್ಲ. ಒಕ್ಕಲು ಬಿಟ್ಟುಹೋದ ನೆಲದಲ್ಲಿ ಏಲಕ್ಕಿ ಮತ್ತೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ತೋಟ ಹೋದರೆ ಆ ಮನೆಗೆ ಬೇರೆ ಜೀವನವಿರಲಿಲ್ಲ.

ಅಷ್ಟರಲ್ಲಿ ಒಂದು ವಿಷಯ ಅವಳ ಕಣ್ಣಿಗೆ ಬಿತ್ತು. ಮನೆಯ ಕೋಳಿಗಳೆಲ್ಲ ತೋಟ ಬಿಟ್ಟು ಬೇಲಿಯ ಮೂಲೆಯಲ್ಲಿ ಸೇರಿದ್ದವು. ಅವಳು ಎದ್ದು ಅಲ್ಲಿಗೆ ಹೋದಳು. ಸೊಸೆ ಹರಡಿದ ಎಲೆಗಳು ಇನ್ನೂ ಅಲ್ಲಿದ್ದವು. ತಾನು ಎಸೆದ ಮಾವಿನ ಎಲೆಗಳೂ ಗಾಳಿಗೆ ಬಂದು ಅವುಗಳ ಜೊತೆ ಸೇರಿದ್ದವು. ಅಲ್ಲೇ ಮೇಲಿದ್ದ ಹಾಲುವಾಣದ ಮರದಿಂದ ಬಿದ್ದ ಮೆತ್ತನೆಯ ಎಲೆಗಳು ಗಟ್ಟಿ ಎಲೆಗಳ ಸಂದಿಯಲ್ಲಿ ಸಿಕ್ಕಿಕೊಂಡು ಹಾರದೆ ಉಳಿದಿದ್ದವು. ಅವಳು ಕೋಳಿಗಳನ್ನು ಓಡಿಸಿ ಒಂದು ಧೂಪದ ಎಲೆಯನ್ನು ಎತ್ತಿದಳು.

ಕೆಳಗೆ ನೆಲ ತಣ್ಣಗಿತ್ತು. ಉಂಡೆಯಾಗುವ ಹುಳುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಸಾವಿರ ಕಾಲಿನ ಹುಳುವೊಂದು ತನ್ನ ಮರಿಗಳ ಜೊತೆ ಇತ್ತು. ಎರೆಹುಳುಗಳು ಬೆಳಕು ಬಿದ್ದ ಕೂಡಲೇ ಒಳಗೆ ಸರಿದವು. ಅವು ತಿನ್ನುತ್ತಿದ್ದದ್ದು ಮೆತ್ತನೆಯ ಎಲೆಯನ್ನೇ. ವಾಸವಿದ್ದದ್ದು ಗಟ್ಟಿ ಎಲೆಯ ಅಡಿಯಲ್ಲಿ.

ಅವಳು ಎಲೆಯನ್ನು ಇದ್ದ ಹಾಗೆಯೇ ಮುಚ್ಚಿದಳು. ಸೊಸೆಯನ್ನು ಕರೆದಳು.

“ಇದು ನಿನಗೆ ಗೊತ್ತಿತ್ತೇನೇ?”

“ಏನು ಅತ್ತೆ?”

“ಇದರ ಕೆಳಗೆ ಊರಿಗೆ ಊರೇ ಬಂದು ಕೂತಿದೆ.”

ಸೊಸೆ ಹತ್ತಿರ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

“ಗೊತ್ತಿರಲಿಲ್ಲ,” ಎಂದಳು. “ನಾನು ಎತ್ತಿ ನೋಡಿಲ್ಲ. ಮುಟ್ಟಿದರೆ ಅವ್ವನ ಕೈ ನೆನಪಾಗುತ್ತದೆ.”

ಅತ್ತೆ ಮತ್ತೆ ಹತ್ತಿರ ಬಂದ ಕೋಳಿಗಳನ್ನು ಓಡಿಸಿದಳು. ತೋಟ ಅವಳದು, ಮೂಲೆಯೂ ಅವಳದೇ. ಬಾಚಿಕೊಂಡು ಹೋಗಿದ್ದರೆ ತಡೆಯುವವರು ಯಾರೂ ಇರಲಿಲ್ಲ. ಅವಳು ಬಾಚಲಿಲ್ಲ.

“ಎಲ್ಲ ಬೇಡ ಮಗಳೇ,” ಎಂದಳು. “ನಿನಗೆ ಇಟ್ಟುಕೊಂಡು ಮಿಕ್ಕಿದ್ದು ಕೊಡು. ಬೀಜದ ಹಾಗೆ ಅಲ್ಲಲ್ಲಿ ಇಡುತ್ತೇನೆ. ಹುಳುವೂ ಜೊತೆಗೆ ಹೋಗುತ್ತದೆ, ಅದರ ಸೂರೂ ಹೋಗುತ್ತದೆ.”

ಸೊಸೆ ತಾಯಿಯ ಬುಟ್ಟಿಯನ್ನೇ ತಂದಳು. ಮೊದಲ ಎಲೆ ಎತ್ತುವಾಗ ಅವಳ ಕೈ ತಡೆಯಿತು. ಆಮೇಲೆ ತಡೆಯಲಿಲ್ಲ. ಯಾವುದು ತಾಯಿ ಆರಿಸಿದ್ದು, ಯಾವುದು ಗಾಳಿ ತಂದದ್ದು ಎಂದು ಬೇರೆ ಮಾಡದೆ, ಮಣ್ಣು ಹುಳು ಸಮೇತ ತುಂಬಿದಳು. ಇಬ್ಬರೂ ಸೇರಿ ಗಿಡಗಳ ಬುಡಕ್ಕೆ ಹರಡಿದರು. ಸಾಲದ್ದಕ್ಕೆ ಮೇಲಿನ ಊರಿಗೆ ಹೋಗಿ ಇನ್ನಷ್ಟು ತಂದರು. ಅದರ ಮೇಲೆ ಹಾಲುವಾಣದ ಸೊಪ್ಪು ಹಾಕಿದರು.

ಸುದ್ದಿ ಹಿರಿಯನಿಗೆ ಮುಟ್ಟಿತು. ಅವನು ಬಂದು ಬೇಲಿಯಾಚೆ ನಿಂತ.

“ಏನಮ್ಮ ಇದು? ತೀರ್ಪು ಆದ ಎಲೆಯನ್ನು ಒಳಗೆ ತಂದಿದ್ದೀಯ. ಹಾಗಾದರೆ ಒಕ್ಕಲು ಸುಳ್ಳು ಹೇಳಿದವೇ?”

“ಅವು ಯಾಕೆ ಸುಳ್ಳು ಹೇಳುತ್ತವೆ ಅಜ್ಜ?” ಎಂದಳು ರೈತನ ಹೆಂಡತಿ. “ಕೇಳಿದ್ದಕ್ಕೆ ಸರಿಯಾಗಿಯೇ ಹೇಳಿದವು. ಊಟ ಯಾವುದು ಎಂದು ಕೇಳಿದೆವು, ಹೇಳಿದವು. ನೆರಳು ಯಾವುದು ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದವು. ನಾವು ಕೇಳಲಿಲ್ಲ. ಈಗ ಒಳಗೆ ಬನ್ನಿ, ಬುಟ್ಟಿಗೆ ಒಂದು ಕೈ ಹಿಡಿಯಿರಿ. ಬೇಲಿಯಾಚೆ ನಿಂತು ಕೇಳಿದರೆ ಬೆನ್ನು ನೋಯುವುದಿಲ್ಲ, ನನಗೆ ಗೊತ್ತು.”

ಹಿರಿಯ ಒಳಗೆ ಬಂದು ಬುಟ್ಟಿ ಹಿಡಿದ.

ಆ ವರ್ಷ ಏಲಕ್ಕಿ ಬರಲಿಲ್ಲ. ಮರುವರ್ಷ ಸ್ವಲ್ಪ ಬಂತು. ಅದರ ಮುಂದಿನ ವರ್ಷ ಹಿಂದಿನಂತೆ ಬಂತು. ಊರಿನವರು ಬಲೆಯ ಚೀಲ ಹೆಣೆಯುವುದನ್ನು ಬಿಡಲಿಲ್ಲ. ಆದರೆ ಎರಡು ಎಲೆಗಳನ್ನು ಬೇರೆ ಬೇರೆ ಚೀಲದಲ್ಲಿ ಇಡುವುದನ್ನು ಬಿಟ್ಟರು. ಒಂದರಲ್ಲೇ ಕೂಡಿಸಿ ಇಟ್ಟರು. ನವರಾತ್ರಿಗೆ ತೆಗೆಯದೆ ಬೇಸಿಗೆ ದಾಟುವ ತನಕ ಕಾದರು. ತೋಟದಲ್ಲಿ ಸೊಸೆಯ ಜಾಗ ಯಾವುದು ಎಂದು ಯಾರೂ ಗೆರೆ ಎಳೆಯಲಿಲ್ಲ. ಅವಳ ಎಲೆ ಇಡೀ ತೋಟದಲ್ಲಿ ಇತ್ತು.

ಗುರುಗಳು ಇಲ್ಲಿ ನಿಲ್ಲಿಸಿದರು. ಮರಿದೇವ ತಲೆ ಎತ್ತಿದ.

“ಹಾಗಾದರೆ ಗಟ್ಟಿ ಎಲೆಯೇ ಮೇಲು ಎಂದೇ, ಗುರುಗಳೇ?”

“ಹಾಗೆ ನಾನು ಹೇಳಲಿಲ್ಲ,” ಎಂದರು ಗುರುಗಳು. “ಮೇಲಿನ ಊರಿನಲ್ಲಿ ಬರೀ ಗಟ್ಟಿ ಎಲೆಯೇ ಇತ್ತು. ಅಲ್ಲಿ ಸೂರು ಬೇಕಾದಷ್ಟು, ಊಟ ಕಡಿಮೆ. ಒಕ್ಕಲೂ ಕಡಿಮೆ, ಏಲಕ್ಕಿಯೂ ಬಡಕಲು. ಆ ಊರಿನವರು ಆಮೇಲೆ ಕೆಳಗಿನಿಂದ ಹಾಲುವಾಣದ ಕೊಂಬೆ ತಂದು ನೆಟ್ಟರು. ನೀನು ಮೆತ್ತನೆಯ ಎಲೆಯನ್ನು ಬಿಡು ಎಂದು ನಾನು ಹೇಳುತ್ತಿಲ್ಲ. ನಿನ್ನ ತಾಯಿ ನಗುತ್ತಿದ್ದರೆ ಹೋಗಿ ಅವಳ ಪಕ್ಕದಲ್ಲಿ ಕೂತು ನಗು.”

“ಆ ಧೂಪದ ಎಲೆಗಳು ಕೊನೆಗೆ ಕರಗಿದವೇ?”

“ಕರಗಿದವು. ಮಳೆಯಿಂದ ಮಳೆಗೆ ಒಗರು ತೊಳೆದು ಹೋಗುತ್ತಾ ಬಂತು. ಒಗರು ಹೋದಂತೆ ಹುಳುಗಳು ಅಡಿಯಿಂದ ಒಂದಿಷ್ಟೊಂದಿಷ್ಟೇ ತಿಂದವು. ಕೊನೆಗೆ ನರ ಮಾತ್ರ ಉಳಿಯಿತು, ಆಮೇಲೆ ಅದೂ ಮಣ್ಣಾಯಿತು. ಎಲೆಗೆ ಅದರದೇ ಆದ ಕಾಲವಿದೆ. ಹಾಲುವಾಣದ ಕಾಲವನ್ನು ಧೂಪದ ಮೇಲೆ ಹೇರಿದ್ದು ಆ ಊರಿನವರ ತಪ್ಪು.”

ಮರಿದೇವ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡ. ಅದರ ಕಟ್ಟನ್ನು ಬೆರಳಿನಿಂದ ಒತ್ತಿ ನೋಡಿದ.

“ಅವಳ ಎಲೆಯ ಕೆಳಗೆ ಜೀವಗಳಿದ್ದವು, ಗುರುಗಳೇ,” ಎಂದ. “ನನ್ನದರ ಕೆಳಗೆ ಏನೂ ಇಲ್ಲ.”

ಗುರುಗಳು ಅವನನ್ನು ನೋಡಿ ಹೇಳಿದರು:

“ಈ ಮಠದಲ್ಲಿ ಯಾರಿಗಾದರೂ ಮನೆಯಿಂದ ಸಾವಿನ ಸುದ್ದಿ ಬಂದರೆ ಅವರು ನನ್ನ ಬಳಿಗೆ ಬರುವುದಿಲ್ಲ ಮರಿದೇವ, ನಿನ್ನ ಬಳಿಗೆ ಬಂದು ಕೂರುತ್ತಾರೆ.”